ನ್ವಾರ್ ಅನಿಮೆಯಲ್ಲಿ ನಿಜಕ್ಕೂ ಬದಲಾದವಳು ಯಾರು? ನನ್ನ ಪ್ರಕಾರ ಮಿರೇಯ್

ಇರುಳಹಕ್ಕಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೊನೆಯ ಕಂತಿನವರೆಗಿನ ಎಲ್ಲ ಗುಟ್ಟೂ ಹೊರಬೀಳುತ್ತದೆ. ನೋಡದೇ ಇರುವವರು ದಯವಿಟ್ಟು ನೋಡಿಕೊಂಡು ಬನ್ನಿ. ಒಟ್ಟು 26 ಕಂತು.

ಹೆಸರು ಮಾತ್ರ ಕೇಳಿರುವವರಿಗೆ ಎರಡು ಮಾತು. ನ್ವಾರ್ 2001ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟಿವಿ ಟೋಕಿಯೊದಲ್ಲಿ ಬಂದ ಜಪಾನಿ ಅನಿಮೇಷನ್ ಸರಣಿ. ಮಾಡಿದ್ದು ಬೀ ಟ್ರೇನ್ ಸ್ಟುಡಿಯೊ. ನಿರ್ದೇಶನ ಕೊಇಚಿ ಮಾಶಿಮೊ, ಬರವಣಿಗೆ ರಿಯೋಎ ತ್ಸುಕಿಮುರಾ, ಸಂಗೀತ ಯುಕಿ ಕಾಜಿಉರಾ. ಪ್ಯಾರಿಸ್‌ನಲ್ಲಿ ಕೂತು ಹಣಕ್ಕೆ ಕೊಲೆ ಮಾಡುವ ಮಿರೇಯ್ ಬುಕೆಗೆ ಜಪಾನಿನಿಂದ ಒಂದು ಇಮೇಲ್ ಬರುತ್ತದೆ. ಜೊತೆಗೆ ಒಂದು ರಾಗ. ಅವಳ ಮನೆಯವರನ್ನು ಯಾರೋ ಕೊಂದ ದಿನ ಅಪ್ಪನ ಜೇಬುಗಡಿಯಾರದಿಂದ ಕೇಳಿದ ರಾಗ ಅದು. ಕಳಿಸಿದವಳು ಕಿರಿಕಾ ಎಂಬ ಹೈಸ್ಕೂಲ್ ಹುಡುಗಿ. ಅವಳಿಗೆ ತನ್ನ ಹಿಂದಿನದೇನೂ ನೆನಪಿಲ್ಲ. ಹೆಸರು ಕೂಡ ಸುಳ್ಳು ಗುರುತಿನ ಚೀಟಿಯಿಂದ ಬಂದದ್ದು. ಆದರೆ ಕೈಗೆ ಬಂದೂಕು ಸಿಕ್ಕರೆ ಸಾಕು, ಎದುರಿಗಿದ್ದವರು ಉಳಿಯುವುದಿಲ್ಲ. ಇಬ್ಬರೂ ಸೇರಿ ಸತ್ಯ ಹುಡುಕಲು ಹೊರಡುತ್ತಾರೆ. ಮಿರೇಯ್ ಒಂದು ಷರತ್ತು ಹಾಕುತ್ತಾಳೆ. ಎಲ್ಲ ಗೊತ್ತಾದ ಮೇಲೆ ನಿನ್ನನ್ನು ನಾನೇ ಕೊಲ್ಲುತ್ತೇನೆ. ಕಿರಿಕಾ ಒಪ್ಪಿಕೊಳ್ಳುತ್ತಾಳೆ.

ಈ ಸರಣಿಯ ಬಗ್ಗೆ ಬರೆಯುವವರೆಲ್ಲ ಕಿರಿಕಾ ಬಗ್ಗೆ ಬರೆಯುತ್ತಾರೆ. ಭಾವನೆಯೇ ಇಲ್ಲದ ಹುಡುಗಿ ಅಳುವುದನ್ನು ಕಲಿತಳು, ನಗುವುದನ್ನು ಕಲಿತಳು ಅಂತ. ನನಗೆ ಇದು ಸರಿ ಕಾಣುವುದಿಲ್ಲ. ಶುರುವಿನಲ್ಲೇ ಅವಳು ಏನು ಕೇಳುತ್ತಾಳೆ ನೆನಪಿಸಿಕೊಳ್ಳಿ. ಇಷ್ಟು ಸುಲಭವಾಗಿ ಕೊಲ್ಲುತ್ತೇನೆ, ಆದರೂ ನನಗೆ ಯಾಕೆ ದುಃಖವಾಗುತ್ತಿಲ್ಲ? ದುಃಖ ಬರುತ್ತಿಲ್ಲವಲ್ಲ ಎಂದು ಒದ್ದಾಡುವವಳಿಗೆ ಮನಸ್ಸೇ ಇಲ್ಲ ಎನ್ನುವುದು ಹೇಗೆ? ಕಿರಿಕಾಳ ಮನಸ್ಸು ಮೊದಲಿನಿಂದಲೂ ಇತ್ತು. ಅದರ ಮೇಲೆ ಬೇರೆಯವರು ಹೇರಿದ್ದ ಭಾರ ನಿಧಾನವಾಗಿ ಸರಿಯಿತು, ಅಷ್ಟೇ.

ಮಿರೇಯ್ ಹಾಗಲ್ಲ. ಅವಳು ತನ್ನ ಮನಸ್ಸಿನ ಬಾಗಿಲನ್ನು ತಾನೇ ಹಾಕಿಕೊಂಡವಳು. ಹಾಕಿಕೊಂಡು ಚೆನ್ನಾಗಿಯೇ ಬದುಕುತ್ತಿದ್ದಾಳೆ. ಒಳ್ಳೆಯ ಮನೆ, ಒಳ್ಳೆಯ ಬಟ್ಟೆ, ಬಿಲಿಯರ್ಡ್ಸ್ ಮೇಜಿನ ಮೇಲೆ ಕಂಪ್ಯೂಟರ್. ಇಮೇಲ್‌ನಲ್ಲಿ ಕೆಲಸ ಬರುತ್ತದೆ, ಮುಗಿಸುತ್ತಾಳೆ, ಹಣ ಬರುತ್ತದೆ. ಬದಲಾಗುವ ಅಗತ್ಯ ಅವಳಿಗೆ ಎಲ್ಲಿದೆ? ಬದಲಾದರೆ ನಷ್ಟವೇ. ಯಾಕೆಂದರೆ ಅವಳ ಇಡೀ ಬದುಕು ನಿಂತಿರುವುದು ಒಂದೇ ಒಂದು ಆಸೆಯ ಮೇಲೆ: ಅಪ್ಪ, ಅಮ್ಮ, ಅಣ್ಣನನ್ನು ಕೊಂದವರು ಸಿಗಬೇಕು.

ಸರಣಿ ಈ ಗೋಡೆಯನ್ನು ಒಂದೇ ಏಟಿಗೆ ಬೀಳಿಸುವುದಿಲ್ಲ. 8 ಮತ್ತು 9ನೇ ಕಂತಿನಲ್ಲಿ ಸಿಸಿಲಿಯ ಮಾಫಿಯಾ ಮನೆತನದ ಸಿಲ್ವಾನಾ ಬರುತ್ತಾಳೆ. ಅಲ್ಲಿಯವರೆಗೆ ಯಾವುದಕ್ಕೂ ಜಗ್ಗದ ಮಿರೇಯ್, ಬಾಲ್ಯದಲ್ಲಿ ತನ್ನನ್ನು ಹೆದರಿಸಿದ್ದ ಹೆಂಗಸಿನ ಮುಂದೆ ಮತ್ತೆ ಪುಟ್ಟ ಹುಡುಗಿಯಾಗಿಬಿಡುತ್ತಾಳೆ. ಆಮೇಲೆ 14ನೇ ಕಂತು. ತಬ್ಬಲಿಯಾದ ಮೇಲೆ ಅವಳನ್ನು ಸಾಕಿ ಈ ವಿದ್ಯೆ ಕಲಿಸಿದ ಬಂಧು ಕ್ಲೋಡ್ ಎದುರಾಗುತ್ತಾನೆ. ಅವನೂ ಇದೆಲ್ಲದರ ಹಿಂದಿರುವ ಸೋಲ್ದಾ ಎಂಬ ಹಳೆಯ ಗುಪ್ತ ಗುಂಪಿನವನೇ. ಅವನನ್ನೂ ಅವಳೇ ಕೊಲ್ಲಬೇಕಾಗುತ್ತದೆ. 17ರಲ್ಲಿ ಕಾರ್ಸಿಕಾಕ್ಕೆ, ತನ್ನ ಹಳೆಯ ಊರಿಗೆ ಹೋಗುತ್ತಾಳೆ. ಒಂದೊಂದೇ ಆಸರೆ ಕಳಚುತ್ತಾ ಹೋಗಿ, ಕೊನೆಗೆ ಉಳಿಯುವುದು ಪಕ್ಕದಲ್ಲಿ ಮಾತಿಲ್ಲದೆ ಕೂತಿರುವ ಕಿರಿಕಾ ಮಾತ್ರ.

ಆಗಲೇ ಗೊತ್ತಾಗುವುದು, ಅವಳ ಮನೆಯವರನ್ನು ಕೊಂದವಳು ಕಿರಿಕಾನೇ ಎಂದು. ಷರತ್ತು ತೀರಿಸುವ ಹೊತ್ತು ಬಂದಿದೆ. ಕಿರಿಕಾ ಕೂಡ ಸಾಯಲು ಸಿದ್ಧ. ಬಂದೂಕು ಎತ್ತಿದ ಮಿರೇಯ್‌ಗೆ ಟ್ರಿಗರ್ ಒತ್ತಲು ಆಗುವುದಿಲ್ಲ.

ನನ್ನ ಮಟ್ಟಿಗೆ ಸರಣಿಯ ಎದೆ ಇರುವುದು ಆ ಕ್ಷಣದಲ್ಲಿ. ಅಲ್ಲಿ ಅವಳು ಹಿಡಿದುಕೊಂಡಿದ್ದ ಒಂದೇ ಹಕ್ಕನ್ನು ಕೈಬಿಡುತ್ತಾಳೆ. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ನೀವೇನಂತೀರಿ?

ಗುಬ್ಬಿಗೂಡು

ಚೆನ್ನಾಗಿ ಬರೆದಿದ್ದೀರಿ. ಆದರೆ ಕಿರಿಕಾಳನ್ನು ಇಷ್ಟು ಬೇಗ ಪಕ್ಕಕ್ಕಿಟ್ಟದ್ದು ನನಗೆ ಒಪ್ಪಿಗೆಯಿಲ್ಲ.

6ನೇ ಕಂತು ನೋಡಿ. ನಜಾರೊಫ್ ಎಂಬ ಮುದುಕ, ಒಂದು ಕಾಲದ ಕೆಜಿಬಿ ಅಧಿಕಾರಿ. ಒಂದು ಜನಾಂಗದ ಮೇಲೆ ಘೋರ ಅನ್ಯಾಯ ಮಾಡಿದವನು. ಈಗ ಕಾಯಿಲೆಯಿಂದ ಸಾಯುವ ಹಂತದಲ್ಲಿದ್ದಾನೆ, ಬಡವರಿಗೆ ನೆರವಾಗುತ್ತಾ ಬದುಕುತ್ತಿದ್ದಾನೆ. ಅವನ ಬೆಕ್ಕಿನ ನೆಪದಲ್ಲಿ ಕಿರಿಕಾಗೆ ಅವನ ಪರಿಚಯವಾಗುತ್ತದೆ. ಅವನು ಒಳ್ಳೆಯವನು ಎಂದು ಅವಳಿಗೆ ಕಣ್ಣಾರೆ ಗೊತ್ತು. ಆದರೂ ಕೊಲ್ಲುತ್ತಾಳೆ. ಆ ಕಂತಿನ ಕೊನೆಯಲ್ಲಿ ಅವಳ ಮುಖ ನೋಡಿದ ಮೇಲೂ "ಭಾರ ಸರಿಯಿತು ಅಷ್ಟೇ" ಅನ್ನಲು ಆಗುತ್ತದಾ? ಅಲ್ಲಿ ಭಾರ ಸರಿಯುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ.

13ನೇ ಕಂತು ಇನ್ನೊಂದು. ಮಿಲೋಷ್ ಎಂಬ ಮಾಜಿ ಸೈನಿಕ ಚಿತ್ರ ಬರೆಯುತ್ತಾ ಕೂತಿರುತ್ತಾನೆ. ಕಿರಿಕಾ ಕೂಡ ಅವನ ಪಕ್ಕ ಕೂತು ಬರೆಯಲು ಶುರು ಮಾಡುತ್ತಾಳೆ. ಕೊಲ್ಲಲು ಮಾತ್ರ ಗೊತ್ತಿದ್ದ ಕೈ ಬೇರೊಂದು ಕೆಲಸ ಕಲಿಯುತ್ತದೆ. ಅವಳ ಹಿಂದೆ ಬಂದ ಸಾವು ಅವನನ್ನು ಹೊತ್ತೊಯ್ಯುತ್ತದೆ. ಮೊದಲು ಅವಳಿಗೆ "ಯಾಕೆ ದುಃಖವಿಲ್ಲ" ಎಂಬ ಪ್ರಶ್ನೆ ಇತ್ತು. 13ರ ಹೊತ್ತಿಗೆ ಉತ್ತರ ಸಿಕ್ಕಿದೆ. ದುಃಖ ಇದೆ, ಅದು ಸಹಿಸಲಾಗದಷ್ಟಿದೆ, ಮತ್ತು ಅದನ್ನು ಇಟ್ಟುಕೊಂಡೇ ನಾಳೆ ಮತ್ತೆ ಬಂದೂಕು ಹಿಡಿಯಬೇಕು. ಮಿರೇಯ್ ಒಂದು ಹಕ್ಕನ್ನು ಬಿಟ್ಟಳು, ನಿಜ. ಕಿರಿಕಾ ತನ್ನ ತಪ್ಪನ್ನೆಲ್ಲ ಮೈಮೇಲೆ ಎಳೆದುಕೊಂಡಳು. ಯಾವುದು ಕಷ್ಟ?

ಸಂಜೆಬಸ್ಸು

ನನ್ನದು ಬೇರೆಯದೇ ತಕರಾರು. ಇಬ್ಬರ ಮನಸ್ಸಿನ ಬಗ್ಗೆ ಇಷ್ಟು ಮಾತಾಡುತ್ತೀರಿ. ಸತ್ತವರ ಬಗ್ಗೆ?

ಪ್ರತಿ ಕಂತಿನಲ್ಲೂ ಕೋಟು ತೊಟ್ಟ ಗಂಡಸರು ಸಾಲುಸಾಲಾಗಿ ಬರುತ್ತಾರೆ, ಸಾಲುಸಾಲಾಗಿ ಬೀಳುತ್ತಾರೆ. ಹೆಸರಿಲ್ಲ, ಮಾತಿಲ್ಲ. ರಕ್ತ ಕೂಡ ಕಾಣುವುದಿಲ್ಲ. ಗುಂಡು ತಾಗಿದರೆ ಬಟ್ಟೆ ಮೇಲೆ ತೂತು ಕೂಡ ಬೀಳುವುದು ಅಪರೂಪ. ಆ ಸಾವುಗಳಿಗೆ ತೂಕವೇ ಇಲ್ಲದಿದ್ದರೆ, ಕೊಂದವರ ಪಶ್ಚಾತ್ತಾಪಕ್ಕೆ ತೂಕ ಎಲ್ಲಿಂದ ಬರಬೇಕು? ನಜಾರೊಫ್‌ಗೆ ಬೆಕ್ಕು ಇದ್ದದ್ದರಿಂದ ನಮಗೆ ಅವನ ಮೇಲೆ ಕನಿಕರ ಬಂತು. ಮೆಟ್ಟಿಲ ಮೇಲೆ ಬಿದ್ದ ಹತ್ತನೆಯವನ ಮನೆಯಲ್ಲೂ ಬೆಕ್ಕು ಇದ್ದಿರಬಹುದು.

ಇನ್ನೊಂದು, ನೆನಪಿನ ದೃಶ್ಯಗಳು. ಅದೇ ಗಡಿಯಾರ, ಅದೇ ಕೋಣೆ, ಅದೇ ಪುಟ್ಟ ಮಿರೇಯ್. ಮೊದಲ ಹತ್ತು ಕಂತಿನಲ್ಲಿ ಎಷ್ಟು ಸಲ ತೋರಿಸುತ್ತಾರೆ! ಕಥೆ ಎರಡು ಹೆಜ್ಜೆ ಮುಂದೆ ಹೋದರೆ ಒಂದು ಹೆಜ್ಜೆ ಹಿಂದೆ ಬರುತ್ತದೆ.

ನೀಲಿಶಾಯಿ

ಸಂಜೆಬಸ್ಸು ಅವರೇ, ರಕ್ತ ಇಲ್ಲದ್ದಕ್ಕೆ ಒಂದು ಕಾರಣ ಟಿವಿ. ಟಿವಿ ಟೋಕಿಯೊ ಈ ವಿಷಯದಲ್ಲಿ ಬಿಗಿ ಎಂದೇ ಹೆಸರು. ಆದರೆ ಕಟ್ಟುಪಾಡಿನಿಂದ ಬಂದದ್ದನ್ನು ಮಾಶಿಮೊ ತನ್ನ ಶೈಲಿಯನ್ನಾಗಿ ಮಾಡಿಕೊಂಡರು ಎಂದು ನನಗನ್ನಿಸುತ್ತದೆ. ಗುಂಡಿನ ಕಾಳಗ ಅಲ್ಲಿ ಒಂಥರಾ ಕುಣಿತದ ಹಾಗೆ ನಡೆಯುತ್ತದೆ. ಕೊಲ್ಲುವುದು ಆ ಹುಡುಗಿಯರಿಗೆ ಎಷ್ಟು ಸಲೀಸು ಎಂಬುದು ನಮಗೂ ಸಲೀಸಾಗಿಯೇ ಕಾಣಬೇಕು. ಹಾಗೆ ಕಂಡರೆ ತಾನೇ ಕಿರಿಕಾಳ ಪ್ರಶ್ನೆ ನಮ್ಮದೂ ಆಗುವುದು? ನಾವೂ ಸಂಗೀತ ಕೇಳುತ್ತಾ ನೋಡಿದೆವು, ನಮಗೂ ದುಃಖವಾಗಲಿಲ್ಲ. ನಿಮ್ಮ ತಕರಾರು ನ್ಯಾಯವಾದದ್ದೇ. ಆದರೆ ಅದನ್ನು ಮೊದಲು ಎತ್ತುವವಳು ಕಿರಿಕಾ.

ನಾನು ಬರೆಯಲು ಬಂದದ್ದು ಕ್ಲೋಯಿ ಬಗ್ಗೆ. ಇಷ್ಟು ಹೊತ್ತಾದರೂ ಯಾರೂ ಅವಳ ಹೆಸರು ಎತ್ತಲಿಲ್ಲ, ನನಗೆ ತಡೆಯಲಾಗಲಿಲ್ಲ.

ಹಸಿರು ನಿಲುವಂಗಿ, ಕೈಯಲ್ಲಿ ಚೂರಿಗಳು. ಸೋಲ್ದಾ ಗುಂಪಿನ ಆಲ್ಟೆನಾ ಎಂಬ ಹೆಂಗಸು ಫ್ರಾನ್ಸ್, ಸ್ಪೇನ್ ಗಡಿಯ ಗುಡ್ಡಗಳ ನಡುವಿನ ಒಂದು ಹಳೆಯ ಮಠದಂಥ ಮನೆಯಲ್ಲಿ ಅವಳನ್ನು ಬೆಳೆಸಿದ್ದಾಳೆ. ಸುತ್ತ ದ್ರಾಕ್ಷಿ ತೋಟ. ಹೊರಗಿನ ಜಗತ್ತು ಅವಳಿಗೆ ಗೊತ್ತೇ ಇಲ್ಲ. ಪುಟ್ಟ ಹುಡುಗಿಯಾಗಿದ್ದಾಗ ಕ್ಲೋಯಿ ಒಂದು ದೃಶ್ಯ ನೋಡಿದ್ದಳು, ತನ್ನದೇ ವಯಸ್ಸಿನ ಕಿರಿಕಾ ಬುಕೆ ಮನೆಯವರನ್ನು ಕೊಂದದ್ದು. ಆ ದಿನದಿಂದ ಅವಳಿಗೆ ಕಿರಿಕಾ ಎಂದರೆ ದೇವರು. ನ್ವಾರ್ ಎನ್ನುವುದು ಸೋಲ್ದಾ ಪರವಾಗಿ ಕೊಲ್ಲುವ ಇಬ್ಬರು ಕನ್ಯೆಯರಿಗೆ ಸೇರಿದ ಹಳೆಯ ಪಟ್ಟ. ಕಿರಿಕಾ ಒಬ್ಬಳು, ಇನ್ನೊಬ್ಬಳು ನಾನೇ ಎಂದು ನಂಬಿ ಬೆಳೆದವಳು ಕ್ಲೋಯಿ.

11ನೇ ಕಂತಿನಲ್ಲಿ ಅವಳು ಪ್ಯಾರಿಸ್‌ನ ಮನೆಗೆ ಚಹಾಕ್ಕೆ ಬರುತ್ತಾಳೆ. ಮೂವರೂ ಮೇಜಿನ ಸುತ್ತ ಕೂರುತ್ತಾರೆ. ಅಪಾಯದ ಮಾತುಗಳೇ ಎಲ್ಲ, ಆದರೂ ಆ ಹುಡುಗಿಯ ಮುಖದಲ್ಲಿ ಎಂಥ ಸಂತೋಷ! ಯಾರಾದರೂ ಅವಳಿಗೆ ಹೀಗೆ ಕೂರಿಸಿ ತಿಂಡಿ ಕೊಟ್ಟದ್ದು ಬಹುಶಃ ಅದೇ ಮೊದಲು. ಹೋಗುವಾಗ ಒಂದು ಫೋರ್ಕ್ ಎತ್ತಿಕೊಂಡು ಹೋಗುತ್ತಾಳೆ. ನೆನಪಿಗೆ ಇರಲಿ ಅಂತ. 25ನೇ ಕಂತಿನಲ್ಲಿ ಮಿರೇಯ್ ಮೇಲೆ ಎರಗಿದ ಅವಳನ್ನು ಕಿರಿಕಾ ಕೊಲ್ಲುವುದು ಅದೇ ಫೋರ್ಕಿನಿಂದ.

ಇರುಳಹಕ್ಕಿ ಅವರೇ, ನೀವು ಯಾರು ಜಾಸ್ತಿ ಬದಲಾದರು ಎಂದು ಕೇಳಿದ್ದೀರಿ. ನನಗೆ ಕಾಡುವುದು ಬದಲಾಗಲು ಅವಕಾಶವೇ ಸಿಗದವಳು. ಕಿರಿಕಾ ನೆನಪು ಕಳೆದುಕೊಂಡು ಜಪಾನಿಗೆ ಹೋದಳು, ಅದರಿಂದ ಉಳಿದಳು. ಕ್ಲೋಯಿಗೆ ಎಲ್ಲ ನೆನಪಿತ್ತು. ಅವಳ ಪ್ರೀತಿ ನಿಜವಾದದ್ದು. ಆದರೆ ಅದು ಹುಟ್ಟಿದ್ದು ಒಂದು ಕೊಲೆ ನೋಡಿ. ಬೇರೆ ಥರ ಪ್ರೀತಿಸುವುದನ್ನು ಅವಳಿಗೆ ಯಾರೂ ತೋರಿಸಿಕೊಡಲಿಲ್ಲ.

ಗುಬ್ಬಿಗೂಡು

ನೀಲಿಶಾಯಿ, ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಫೋರ್ಕ್ ವಿಷಯ ನಾನು ಗಮನಿಸಿದ್ದೆ, ಆದರೆ ಆ ಚಹಾದ ಹೊತ್ತು ಅವಳಿಗೆ ಏನಾಗಿತ್ತು ಎಂದು ಯೋಚಿಸಿರಲಿಲ್ಲ.

ಇರುಳಹಕ್ಕಿ

ಎಲ್ಲರಿಗೂ ವಂದನೆ. ಒಂದೊಂದಾಗಿ ಹೇಳುತ್ತೇನೆ.

ಗುಬ್ಬಿಗೂಡು ಅಕ್ಕ, ಯಾವುದು ಕಷ್ಟ ಎಂದು ಕೇಳಿದಿರಿ. ತಪ್ಪನ್ನು ಒಪ್ಪಿಕೊಂಡು ಸಾಯಲು ಸಿದ್ಧಳಾಗುವುದು ಕಿರಿಕಾಗೆ ಕಷ್ಟವಲ್ಲ. ಅವಳು ಅದಕ್ಕೆ ಮೊದಲ ದಿನವೇ ಸಿದ್ಧಳಿದ್ದಳು. ಷರತ್ತು ಕೇಳಿದ ಕೂಡಲೇ ಒಪ್ಪಿದವಳಲ್ಲವಾ? ಅವಳಿಗೆ ಕಷ್ಟವಾಗುವುದು ಬದುಕುವುದು. ಕೊನೆಯ ಕಂತಿನಲ್ಲಿ ಆಲ್ಟೆನಾ ಜೊತೆ ಬೆಂಕಿಯ ಬಾವಿಗೆ ಬೀಳಲು ಹೋಗುತ್ತಾಳೆ. ಮಿರೇಯ್ ಅವಳ ಕೈ ಹಿಡಿದು ಬಿಡುವುದಿಲ್ಲ. ಬದುಕು ಎಂದು ಬೇಡಿಕೊಳ್ಳುತ್ತಾಳೆ. ನಿನ್ನನ್ನು ಕೊಲ್ಲುತ್ತೇನೆ ಎಂದು ಶುರುವಾದವಳು, ಬದುಕು ಎನ್ನುವಲ್ಲಿಗೆ ಬಂದು ನಿಂತಿದ್ದಾಳೆ. ಇವಳ ದಾರಿ ಉದ್ದ ಎಂದು ನಾನು ಹೇಳುವುದು ಅದಕ್ಕೆ. ಕಿರಿಕಾ ಬದುಕಲು ಒಪ್ಪಿದ್ದು ಕೂಡ ಆ ಕೈಯಿಂದಾಗಿ.

ಸಂಜೆಬಸ್ಸು, ಹೆಸರಿಲ್ಲದ ಸತ್ತವರ ಬಗ್ಗೆ ನೀವು ಹೇಳಿದ್ದು ನನಗೂ ಚುಚ್ಚುತ್ತದೆ. ಸರಣಿ ಅದಕ್ಕೆ ಪೂರ್ತಿ ಉತ್ತರ ಕೊಟ್ಟಿಲ್ಲ. ಆದರೆ ಮಿರೇಯ್, ಕಿರಿಕಾ ಕೊನೆಯಲ್ಲಿ ಶುದ್ಧರಾದರು ಎಂದೂ ಅದು ಎಲ್ಲೂ ಹೇಳುವುದಿಲ್ಲ. ಪಾಪ ತೊಳೆದುಹೋಯಿತು ಎನ್ನುವ ದೃಶ್ಯ ಒಂದಾದರೂ ಇದೆಯಾ? ನನಗೆ ಕಂಡಿಲ್ಲ.

ನೆನಪಿನ ದೃಶ್ಯ ಜಾಸ್ತಿ ಎನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅದರ ಅರ್ಧ ಸಾಕಿತ್ತು.

ಕಾಫಿತೋಟ

ತಡವಾಗಿ ಬಂದೆ. ಸಂಗೀತದ ಬಗ್ಗೆ ಯಾರೂ ಬರೆಯದಿದ್ದರೆ ಈ ಚರ್ಚೆ ಅರ್ಧವೇ.

ಕಾಜಿಉರಾ ಅವರನ್ನು ಈಗ ಎಲ್ಲರಿಗೂ ಗೊತ್ತು. 2001ರಲ್ಲಿ ಅವರು ಅಷ್ಟು ದೊಡ್ಡ ಹೆಸರಲ್ಲ. ನ್ವಾರ್ ಅವರನ್ನು ಜನರ ಕಿವಿಗೆ ಮುಟ್ಟಿಸಿತು. ಗುಂಡು ಹಾರುವಾಗ "ಸಾಲ್ವಾ ನೋಸ್" ಬರುತ್ತದೆ, ಲ್ಯಾಟಿನ್ ಪ್ರಾರ್ಥನೆ, ಕೆಳಗಡೆ ಕುಣಿಸುವ ತಾಳ. ಕಾಪಾಡು ಎಂದು ಬೇಡುವ ಹಾಡಿನ ಮೇಲೆ ಜನ ಸಾಯುತ್ತಾರೆ. ನೀಲಿಶಾಯಿ ಹೇಳಿದ ಆ ಸಲೀಸುತನಕ್ಕೆ ಇದೇ ಕಾರಣ. "ಕಾಂತಾ ಪೆರ್ ಮೆ" ಬಂದಾಗ ಮಾತ್ರ ನನಗೆ ಬೇರೆಯೇ ಅನಿಸುತ್ತದೆ. ಅದರಲ್ಲಿ ವಿದಾಯ ಇದೆ.

ಶುರುವಿನ ಹಾಡು ಆಲಿ ಪ್ರಾಜೆಕ್ಟ್ ಅವರ "ಕೊಪ್ಪೇಲಿಯಾ ನೊ ಹಿತ್ಸುಗಿ". ಕೊಪ್ಪೇಲಿಯಾ ಎಂದರೆ 1870ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ ಬ್ಯಾಲೆಯ ಬೊಂಬೆ ಹುಡುಗಿ, ಜೀವ ಇದೆ ಎಂದು ನೋಡಿದವರು ನಂಬುವಷ್ಟು ಚೆಂದದ ಬೊಂಬೆ. ಆಲ್ಟೆನಾ ಮಾಡಲು ಹೊರಟದ್ದು ಅಂಥದ್ದನ್ನೇ, ಜೀವ ಇರುವ ಹುಡುಗಿಯರಿಂದ.

ಆಲ್ಟೆನಾ ದನಿಯ ಬಗ್ಗೆಯೂ ಹೇಳಬೇಕು. ಆ ದನಿ ಕೊಟ್ಟವರು ತಾರಾಕೊ. ಜಪಾನಿನಲ್ಲಿ ಅವರು ಮನೆಮಾತಾದದ್ದು 1990ರಿಂದ ಟಿವಿ ಕಾರ್ಟೂನಿನ ಪುಟ್ಟ ಹುಡುಗಿ ಮಾರುಕೊಳ ದನಿಯಾಗಿ. 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಜಪಾನಿನ ಮಕ್ಕಳೆಲ್ಲ ಕೇಳಿ ಬೆಳೆದ ದನಿ ಅದು. ಅದನ್ನೇ ತಗ್ಗಿಸಿ, ಮೃದು ಮಾಡಿ ಆಲ್ಟೆನಾಗೆ ಕೊಟ್ಟರು. ಅವಳು ಎಂದೂ ಕಿರುಚುವುದಿಲ್ಲ. ತಾಯಿ ಮಾತಾಡಿದ ಹಾಗೆ ಮಾತಾಡುತ್ತಾಳೆ. ಭಯ ಹುಟ್ಟುವುದು ಅದರಿಂದಲೇ. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ಮಗು ಅವಳು. ಜಗತ್ತಿನ ಕ್ರೂರತೆಗೆ ಇನ್ನೊಂದು ಕ್ರೂರತೆಯೇ ಮದ್ದು ಎಂದು ಮನಸಾರೆ ನಂಬಿದ್ದಾಳೆ. ಕ್ಲೋಯಿ ಮೇಲೆ ಅವಳಿಗಿದ್ದ ಪ್ರೀತಿ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಆ ಪ್ರೀತಿಯಿಂದಲೇ ಮಗುವನ್ನು ಹಾಳು ಮಾಡಿದಳು.

ಮಿರೇಯ್ ದನಿ ಕೊತೊನೊ ಮಿತ್ಸುಇಶಿ, ಕ್ಲೋಯಿ ದನಿ ಆಯಾ ಹಿಸಾಕಾವಾ. ಸೇಲರ್ ಮೂನ್ ನೋಡಿದವರಿಗೆ ಇಬ್ಬರೂ ಪರಿಚಿತರು, ಉಸಾಗಿ ಮತ್ತು ಆಮಿ. ಅಲ್ಲಿ ಪ್ರಾಣಸ್ನೇಹಿತೆಯರು.

ಪಾತರಗಿತ್ತಿ

ನಮಸ್ತೆ, ನಾನು ಹೊಸಬಳು. 2022ರಲ್ಲಿ ಬಂದ ಲೈಕೊರಿಸ್ ರೀಕಾಯಿಲ್ ನೋಡಿ ಈ ಥರದ ಕಥೆಗಳ ರುಚಿ ಹತ್ತಿತು. ಅದರಲ್ಲಿ ಚಿಸಾತೊ ಯಾರನ್ನೂ ಕೊಲ್ಲುವುದಿಲ್ಲ ಎಂದು ಮೊದಲೇ ನಿರ್ಧರಿಸಿರುತ್ತಾಳೆ. ಸಾಯಿಸದ ಗುಂಡು ಬಳಸುತ್ತಾಳೆ. ತಾಕಿನಾ ಅವಳ ಜೊತೆ ಇದ್ದು, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ನಿಧಾನವಾಗಿ ಬದಲಾಗುತ್ತಾಳೆ. ನನಗೆ ಅದು ತುಂಬ ಇಷ್ಟವಾಯಿತು. ನ್ವಾರ್ ಹತ್ತು ಕಂತು ನೋಡಿದ್ದೇನೆ, ಗುಟ್ಟು ಗೊತ್ತಾದರೂ ಪರವಾಗಿಲ್ಲ ಎಂದೇ ಇಲ್ಲಿ ಓದಿದೆ. ಆದರೆ ಅಷ್ಟು ಕತ್ತಲು ಯಾಕೆ? ಇಬ್ಬರೂ ಮನೆಯಲ್ಲಿ ಕೂತರೂ ಮಾತೇ ಆಡುವುದಿಲ್ಲವಲ್ಲ.

ನೀಲಿಶಾಯಿ

ಸ್ವಾಗತ ಪುಟ್ಟಿ. ಆ ಮೌನದ ಮೇಲೆ ಸ್ವಲ್ಪ ಕಣ್ಣಿಡಿ. ಶುರುವಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಕಡೆ ನೋಡುತ್ತಾ ಕೂರುತ್ತಾರೆ. ಮಿರೇಯ್ ಕಂಪ್ಯೂಟರ್ ನೋಡುತ್ತಾಳೆ, ಕಿರಿಕಾ ಕಿಟಕಿ ನೋಡುತ್ತಾಳೆ. ಕಂತು ಕಳೆದಂತೆ ಮಾತು ಅಷ್ಟೇನೂ ಹೆಚ್ಚುವುದಿಲ್ಲ, ಆದರೆ ಒಬ್ಬಳಿಗೆ ಇನ್ನೊಬ್ಬಳು ಏನು ಯೋಚಿಸುತ್ತಿದ್ದಾಳೆ ಎಂದು ಗೊತ್ತಾಗತೊಡಗುತ್ತದೆ. ಮಾಶಿಮೊ ಇದನ್ನು ಸಂಭಾಷಣೆಯಲ್ಲಿ ಹೇಳಿಸದೆ ಕಣ್ಣುಗಳಲ್ಲಿ ತೋರಿಸುತ್ತಾರೆ. ತಾಳ್ಮೆ ಬೇಕು, ನಿಜ.

ಕತ್ತಲು ಎಂದರೆ ಗನ್‌ಸ್ಲಿಂಗರ್ ಗರ್ಲ್ ನೋಡಬೇಕು. 2003ರಲ್ಲಿ ಮ್ಯಾಡ್‌ಹೌಸ್ ಮಾಡಿದ್ದು, 13 ಕಂತು. ಯು ಆಇದಾ ಅವರ ಮಾಂಗಾದಿಂದ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕದಿಂದ ಬಂದದ್ದು. ಇಟಲಿಯಲ್ಲಿ ಸರ್ಕಾರವೇ ನಡೆಸುವ ಗುಪ್ತ ಸಂಸ್ಥೆ. ಸಾಯುವ ಸ್ಥಿತಿಯಲ್ಲಿದ್ದ ಪುಟ್ಟ ಹುಡುಗಿಯರಿಗೆ ಯಂತ್ರದ ಮೈ ಜೋಡಿಸಿ, ಔಷಧಿಯಿಂದ ಮನಸ್ಸು ತಿದ್ದಿ, ಕೊಲ್ಲಲು ಕಲಿಸುತ್ತಾರೆ. ಒಬ್ಬೊಬ್ಬಳಿಗೂ ಒಬ್ಬ ದೊಡ್ಡವನು ಉಸ್ತುವಾರಿ. ಔಷಧಿ ಆಯಸ್ಸನ್ನೂ ತಿನ್ನುತ್ತದೆ, ನೆನಪನ್ನೂ ತಿನ್ನುತ್ತದೆ. ಅವರು ಉಸ್ತುವಾರಿಯನ್ನು ಪ್ರೀತಿಸುತ್ತಾರೆ, ಆದರೆ ಆ ಪ್ರೀತಿ ತಮ್ಮದೋ ಔಷಧಿಯದೋ ಅವರಿಗೇ ತಿಳಿಯದು.

ಅಲ್ಲಿ ಕ್ಲೇಸ್ ಎಂಬ ಹುಡುಗಿಯಿದ್ದಾಳೆ. ಅವಳ ಉಸ್ತುವಾರಿ ರಬಾಲ್ಲೊ ಅವಳಿಗೆ ಪುಸ್ತಕ ಓದಲು, ಮೀನು ಹಿಡಿಯಲು ಕಲಿಸುತ್ತಾನೆ. ಕನ್ನಡಕ ಕೊಟ್ಟು, ಇದನ್ನು ಹಾಕಿಕೊಂಡಾಗ ನೀನು ಮೃದು ಹುಡುಗಿಯಾಗಿರಬೇಕು ಎಂದು ಮಾತು ತೆಗೆದುಕೊಳ್ಳುತ್ತಾನೆ. ಅವನು ಸತ್ತ ಮೇಲೆ ಅವಳ ನೆನಪಿನಿಂದ ಅವನನ್ನು ಅಳಿಸುತ್ತಾರೆ. ಅವನ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೂ ಕನ್ನಡಕ ಹಾಕುತ್ತಾಳೆ, ಪುಸ್ತಕ ಓದುತ್ತಾಳೆ. ನೋಡಿದರೆ ಎದೆ ಹಿಂಡುತ್ತದೆ.

ಈ ಹುಡುಗಿಯರಿಗೆ ಹೋಲಿಸಿದರೆ ಮಿರೇಯ್, ಕಿರಿಕಾ ಅದೃಷ್ಟವಂತರು. ಅವರಿಗೆ ಬಾಗಿಲು ಇತ್ತು. ಹೊರಗೆ ನಡೆದರು.

ಗುಬ್ಬಿಗೂಡು

ಹೌದು, ಬಾಗಿಲು ಎಂದಾಗ ಒಂದು ವಿಷಯ ಹೊಳೆಯಿತು. ಇರುಳಹಕ್ಕಿ, ನೀವು ಮೊದಲ ಬರಹದಲ್ಲಿ "ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ" ಎಂದಿದ್ದೀರಿ. ಮಿರೇಯ್ ಅಮ್ಮ ಒಡೆಟ್ ಹೇಳಿದ್ದಳಲ್ಲ! ಬುಕೆ ದಂಪತಿ ಸಾಯಬೇಕಾದದ್ದು ಮಗಳನ್ನು ಸೋಲ್ದಾಗೆ ಒಪ್ಪಿಸಲು ಒಲ್ಲೆ ಎಂದದ್ದಕ್ಕೆ. ಸಾಯುವ ಮೊದಲು ಒಡೆಟ್ ತನ್ನ ಮುಂದೆ ಬಂದೂಕು ಹಿಡಿದು ನಿಂತ ಪುಟ್ಟ ಕಿರಿಕಾಳನ್ನೇ ಕೇಳಿಕೊಳ್ಳುತ್ತಾಳೆ, ಮಿರೇಯ್‌ಳನ್ನು ನೋಡಿಕೋ ಎಂದು. ಕೊಲ್ಲಲು ಬಂದ ಮಗುವಿನ ಕೈಗೆ ತನ್ನ ಮಗುವನ್ನು ಒಪ್ಪಿಸುತ್ತಾಳೆ.

ಹಾಗಾದರೆ ಕಿರಿಕಾ ಮರೆತ ನೆನಪಿನೊಳಗೆ ಒಂದು ಕೊಲೆ ಮಾತ್ರ ಇರಲಿಲ್ಲ, ಒಂದು ಮಾತೂ ಇತ್ತು. ಅವಳು ಜಪಾನಿನಿಂದ ಇಮೇಲ್ ಕಳಿಸಿದ್ದು ಬೇರೆ ಯಾರಿಗೂ ಅಲ್ಲ, ಮಿರೇಯ್‌ಗೇ. ಇಡೀ ಕಥೆ ಹೊರಟದ್ದು ಆ ಅಮ್ಮನ ಮಾತಿನಿಂದ ಎಂದು ನಾನು ಓದಿಕೊಳ್ಳುತ್ತೇನೆ.

ಇರುಳಹಕ್ಕಿ

ಅಕ್ಕ, ಒಡೆಟ್ ಹೇಳಿದ್ದು ಕಿರಿಕಾಗೆ. ಮಿರೇಯ್‌ಗಲ್ಲ. ಅಮ್ಮನ ಆಸೆ ತಿಳಿಯಿತು ಎಂದು ಮಿರೇಯ್ ಕ್ಷಮಿಸಿದಳು ಅಂದರೆ ಅವಳ ನಿರ್ಧಾರ ಚಿಕ್ಕದಾಗಿಬಿಡುತ್ತದೆ. ಅಮ್ಮನ ಮಾತು ಕಿರಿಕಾಳ ಸಾಲ. ಬಂದೂಕು ಇಳಿಸಿದ್ದು ಮಿರೇಯ್‌ಳ ಸ್ವಂತ ತೀರ್ಮಾನ. ಅದನ್ನು ಕ್ಷಮೆ ಎನ್ನಲೂ ನನಗೆ ಮನಸ್ಸಿಲ್ಲ. ಕ್ಷಮೆ ಎಂದರೆ ಆದದ್ದು ಆಗಿಹೋಯಿತು ಎಂದು ಮುಚ್ಚಿಬಿಡುವುದು. ಅವಳು ಏನನ್ನೂ ಮುಚ್ಚುವುದಿಲ್ಲ. ಎಲ್ಲ ಗೊತ್ತಿದ್ದೂ, ಇವಳನ್ನು ಕಳೆದುಕೊಳ್ಳಲಾರೆ ಎಂದು ಒಪ್ಪಿಕೊಂಡು ಆಲ್ಟೆನಾ ಇರುವಲ್ಲಿಗೆ ಒಬ್ಬಳೇ ಹೋಗುತ್ತಾಳೆ.

ಆದರೆ ಇಮೇಲ್ ಬಗ್ಗೆ ನೀವು ಹೇಳಿದ್ದು ಬಹಳ ಚೆನ್ನಾಗಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಕಂತನ್ನು ಮತ್ತೆ ನೋಡುತ್ತೇನೆ.

ಸಂಜೆಬಸ್ಸು

ಸರಿ, ಈಗ ಕೊನೆಯ ಆ ಎರಡು ಗುಂಡಿನ ಸದ್ದಿಗೆ ಬರೋಣ. ಎಲ್ಲ ಮುಗಿದ ಮೇಲೆ, ಯಾರನ್ನೂ ತೋರಿಸದೆ, ಎರಡು ಸಲ ಗುಂಡು ಹಾರಿದ ಸದ್ದು ಕೇಳುತ್ತದೆ. 2001ರಿಂದ ಜನ ಇದರ ಬಗ್ಗೆ ಜಗಳ ಆಡುತ್ತಲೇ ಇದ್ದಾರೆ. ಇಬ್ಬರೂ ಸತ್ತರಾ? ಇಬ್ಬರೂ ಯಾರನ್ನೋ ಕೊಂದರಾ?

ನನಗೆ ಮಾತ್ರ ಅವರು ಸತ್ತರು ಎಂದೇ ಅನ್ನಿಸುತ್ತದೆ. ಸೋಲ್ದಾ ಎಂದರೆ ಸಾವಿರ ವರ್ಷದಷ್ಟು ಹಳೆಯ ಗುಂಪು. ಅದು ಸುಮ್ಮನೆ ಬಿಡುವುದಿಲ್ಲ. ಹೆಸರಿಲ್ಲದೆ ಸತ್ತವರ ಲೆಕ್ಕವೂ ಅಲ್ಲಿಗೆ ಸರಿಯಾಗುತ್ತದೆ.

ಕಾಫಿತೋಟ

ಸಂಜೆಬಸ್ಸು ಸರ್, ನಾನು ಒಪ್ಪುವುದಿಲ್ಲ. ಕೊನೆಯ ಕಂತಿನ ಹೆಸರೇ "ಹುಟ್ಟು". ಅದಕ್ಕೆ ಆ ಹೆಸರಿಟ್ಟು ಕೊನೆಯಲ್ಲಿ ಇಬ್ಬರನ್ನೂ ಕೊಂದರೆ, ಹಿಂದಿನ 25 ಕಂತು ಯಾಕೆ ಬೇಕಿತ್ತು? ಎರಡು ಬಂದೂಕು, ಎರಡು ಗುಂಡು. ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಅಭ್ಯಾಸ ಅವರಿಬ್ಬರದು.

ಇರುಳಹಕ್ಕಿ

ನಾನು ಕಾಫಿತೋಟ ಅವರ ಕಡೆ. ಆದರೆ ಒಂದು ಮಾತು ಸೇರಿಸುತ್ತೇನೆ. ಗುಂಡು ಹಾರಿಸಿದ್ದು ಅವರೇ ಆದರೆ, ಅವರು ಇನ್ನೂ ಕೊಲ್ಲುತ್ತಿದ್ದಾರೆ ಎಂದಾಯಿತು. ಸಂಜೆಬಸ್ಸು ಎತ್ತಿದ ಪ್ರಶ್ನೆ ಅಲ್ಲಿಗೂ ಬಿಡುವುದಿಲ್ಲ. ಬದುಕುತ್ತಾರೆ, ಆದರೆ ಸಲೀಸಾಗಿ ಅಲ್ಲ. ಕಿರಿಕಾಗೆ ಈಗ ದುಃಖ ಆಗುತ್ತದೆ, ಮಿರೇಯ್‌ಗೆ ಕಳೆದುಕೊಳ್ಳಲು ಒಬ್ಬಳಿದ್ದಾಳೆ. ಈ ಎರಡನ್ನೂ ಹೊತ್ತುಕೊಂಡು ಬಂದೂಕು ಹಿಡಿಯುವುದು ಮೊದಲಿಗಿಂತ ಎಷ್ಟೋ ಕಷ್ಟ.

ಪಾತರಗಿತ್ತಿ

ನಿನ್ನೆ ರಾತ್ರಿ ಮುಗಿಸಿದೆ. ಕ್ಲೋಯಿ ಸತ್ತಾಗ ತುಂಬ ಅತ್ತೆ. ನೀಲಿಶಾಯಿ ಅಕ್ಕ ಫೋರ್ಕ್ ಬಗ್ಗೆ ಮೊದಲೇ ಹೇಳಿದ್ದರೂ ಅಳು ತಡೆಯಲಿಲ್ಲ. ನನಗೆ ಇಬ್ಬರೂ ಬದುಕಿದ್ದಾರೆ ಎಂದೇ ಅನ್ನಿಸಿತು. ಇದೇ ತಂಡ ಇನ್ನೂ ಎರಡು ಮಾಡಿದೆಯಂತೆ, ಮುಂದೆ ಯಾವುದು ನೋಡಲಿ?

ನೀಲಿಶಾಯಿ

2004ರ ಮ್ಯಾಡ್ಲಾಕ್ಸ್, 2007ರ ಎಲ್ ಕಸಾದೋರ್ ದೆ ಲಾ ಬ್ರೂಹಾ. ಎರಡೂ 26 ಕಂತು, ಎರಡಕ್ಕೂ ಮಾಶಿಮೊ ಮತ್ತು ಕಾಜಿಉರಾ. ಕಥೆಗಳು ಬೇರೆ ಬೇರೆ, ನ್ವಾರ್ ಮುಂದುವರಿಕೆ ಅಲ್ಲ. ಮ್ಯಾಡ್ಲಾಕ್ಸ್ ಅಂತರ್ಯುದ್ಧ ನಡೆಯುವ ಒಂದು ಕಲ್ಪಿತ ದೇಶದ ಕಥೆ, ತಲೆ ತಿರುಗಿಸುವಷ್ಟು ಸಿಕ್ಕು. ನಿನಗೆ ಈಗ ಬೇಕಾಗಿರುವುದು ಎಲ್ ಕಸಾದೋರ್. ಎಲ್ಲಿಸ್, ನಾಡೀ ಎಂಬ ಇಬ್ಬರು ಹುಡುಗಿಯರು ಕಾರಿನಲ್ಲಿ ದಕ್ಷಿಣಕ್ಕೆ ಹೋಗುತ್ತಾ ಇರುತ್ತಾರೆ. ಬಿಸಿಲು ಇದೆ, ನಗು ಇದೆ, ಇಬ್ಬರೂ ಬಾಯಿ ತುಂಬ ಮಾತಾಡುತ್ತಾರೆ. ಅದನ್ನು ಮೊದಲು ನೋಡು. ಗನ್‌ಸ್ಲಿಂಗರ್ ಗರ್ಲ್ ಆಮೇಲೆ, ಒಂದೆರಡು ವಾರ ಬಿಟ್ಟು.